ನಿಮ್ಮ 'ಘನ, ದ್ರವ, ಅನಿಲ' ಲೇಖನ ಯಾಕೆ ವಾಪಸ್ ಕಳಿಸ್ತಿದೀನಿ ಅಂದ್ರೆ

ನಮಸ್ಕಾರ,

ದ್ರವ್ಯದ ಸ್ಥಿತಿಗಳು, ಅನಿಲ ನಿಯಮಗಳ ಬಗ್ಗೆ ನೀವು ಕಳ್ಸಿದ್ದ ಲೇಖನ ಪೂರ್ತಿ ಓದ್ದೆ. ಈಗಿರೋ ಹಾಗೆ ತಗೊಳೋಕಾಗಲ್ಲ. ಬರೀ 'ಬೇಡ' ಅಂತ ಒಂದು ಲೈನ್ ಬರ್ದು ಕಳ್ಸಿದ್ರೆ ನಿಮಗೇನೂ ಉಪಯೋಗ ಇಲ್ಲ, ಅದಕ್ಕೇ ಉದ್ದಕ್ಕೆ ಬರೀತಿದೀನಿ, ಬೇಜಾರ್ ಮಾಡ್ಕೋಬೇಡಿ. ನಿಮಗೆ ಸೂತ್ರಗಳು ಬರ್ತವೆ, ಭಾಷೆನೂ ಸಲೀಸಾಗಿದೆ, ಆದ್ರೆ ಲೇಖನ ಮುಗ್ಯೋ ತನಕ ಅಣುಗಳು ಏನ್ ಮಾಡ್ತಿವೆ ಅಂತ ಒಂದು ಕಡೆನೂ ಕಣ್ಣಿಗೆ ಕಟ್ಟಲ್ಲ. ನನ್ನ ತಕರಾರು ಅದೊಂದೇ, ಕೆಳಗೆ ಬರೋದೆಲ್ಲ ಅದರದ್ದೇ ಬೇರೆ ಬೇರೆ ಮುಖ.

ಮೊದಲು ಆ ಕ್ಲಾಸ್‌ರೂಮ್ ಹೋಲಿಕೆ. ಬೆಂಚಲ್ಲಿ ಕೂತಿರೋ ಮಕ್ಕಳು ಘನ, ಕ್ಲಾಸೊಳಗೆ ಓಡಾಡೋ ಮಕ್ಕಳು ದ್ರವ, ಬೆಲ್ ಹೊಡೆದ್ಮೇಲೆ ಮೈದಾನಕ್ಕೆ ಓಡೋರು ಅನಿಲ. ಇದನ್ನ ಎಲ್ಲರೂ ಬರ್ದಾಗಿದೆ, ಅದು ಬಿಡಿ, ಇದು ತಪ್ಪು ಚಿತ್ರನೂ ಕೊಡುತ್ತೆ. ಓದೋರಿಗೆ ಘನದಲ್ಲಿ ಅಣುಗಳು ಹತ್ರ, ದ್ರವದಲ್ಲಿ ಸ್ವಲ್ಪ ದೂರ, ಅನಿಲದಲ್ಲಿ ಇನ್ನೂ ಸ್ವಲ್ಪ ದೂರ ಅನ್ನೋ ಮೂರು ಸಮಾನ ಮೆಟ್ಟಿಲು ಕಾಣುತ್ತೆ. ಹಾಗಿಲ್ವಲ್ಲ! ಘನ ಮತ್ತೆ ದ್ರವ ಎರಡರಲ್ಲೂ ಅಣುಗಳು ಹತ್ತಿರ ಹತ್ತಿರ ಅಷ್ಟೇ ಒತ್ತೊತ್ತಾಗಿರ್ತವೆ, ವ್ಯತ್ಯಾಸ ಇರೋದು ಜೋಡಣೆಯಲ್ಲಿ, ಜಾಗ ಬಿಟ್ಟು ಜಾರೋಕೆ ಆಗುತ್ತೋ ಇಲ್ವೋ ಅನ್ನೋದ್ರಲ್ಲಿ. ಅದೂ ಅಲ್ದೆ ನೀವೇ ಮೂರನೇ ಪುಟದಲ್ಲಿ ಐಸ್ ನೀರಿನ ಮೇಲೆ ತೇಲುತ್ತೆ, ಹೆಪ್ಪುಗಟ್ಟಿದಾಗ ಗಾತ್ರ ಸುಮಾರು 9 ಪರ್ಸೆಂಟ್ ಜಾಸ್ತಿ ಆಗುತ್ತೆ ಅಂತ ಬರ್ದಿದೀರ, ಅಂದ್ಮೇಲೆ ನೀರಿನ ವಿಷಯದಲ್ಲಿ ಒಂದನೇ ಪುಟದ ಮಾತನ್ನ ಮೂರನೇ ಪುಟ ಸುಳ್ಳು ಮಾಡ್ತಿದೆ, ನಿಮಗೆ ಗೊತ್ತಾಗ್ಲೇ ಇಲ್ಲ. 'ಘನದಲ್ಲಿ ಕಣಗಳು ನಿಶ್ಚಲ' ಅನ್ನೋದನ್ನೂ ತೆಗೀರಿ, ಅವು ಇದ್ದ ಜಾಗದಲ್ಲೇ ಕಂಪಿಸ್ತಾನೇ ಇರ್ತವೆ.

ದೊಡ್ಡ ಜಿಗಿತ ಇರೋದು ದ್ರವದಿಂದ ಅನಿಲಕ್ಕೆ ಹೋಗೋವಾಗ. ನಿಮ್ಮ ಲೇಖನದಲ್ಲಿ ಅದಕ್ಕೆ ಒಂದೂವರೆ ಸಾಲು! ನಾನಾಗಿದ್ರೆ ಅಲ್ಲಿಂದಲೇ ಶುರು ಮಾಡ್ತಿದ್ದೆ. 18 ಗ್ರಾಂ ನೀರು ತಗೊಳಿ, ಅಂದ್ರೆ ಒಂದು ಮೋಲ್ (ಅಣುಗಳನ್ನ ಎಣಿಸೋ ಅಳತೆ), ದ್ರವವಾಗಿದ್ದಾಗ ಹೆಚ್ಚುಕಮ್ಮಿ 18 ಮಿಲಿ. ಅದೇ ನೀರು 100 ಡಿಗ್ರಿ ಸೆಲ್ಸಿಯಸ್‌ನಲ್ಲಿ, ಮಾಮೂಲಿ ವಾತಾವರಣದ ಒತ್ತಡದಲ್ಲಿ ಆವಿಯಾದ್ರೆ ಸುಮಾರು 30 ಲೀಟರ್ ಜಾಗ ತಗೊಳುತ್ತೆ, ಹತ್ತಿರ ಹತ್ತಿರ 1700 ಪಟ್ಟು. ಅಣುಗಳ ಸಂಖ್ಯೆ ಅಷ್ಟೇ, ಅಣುವಿನ ಸೈಜ್ ಅಷ್ಟೇ. 1700ರ ಘನಮೂಲ ಸುಮಾರು 12, ಅಂದ್ರೆ ಒಂದು ಅಣುವಿನಿಂದ ಪಕ್ಕದ ಅಣುವಿಗೆ ಇರೋ ದೂರ ಸುಮಾರು 12 ಪಟ್ಟು ಆಯ್ತು ಅಂತ, ಮಿಕ್ಕಿದ್ದೆಲ್ಲ ಖಾಲಿ ಜಾಗ. ಇದನ್ನ ಹೇಳಿಬಿಟ್ರೆ ಅನಿಲವನ್ನ ಯಾಕೆ ಒತ್ತಿ ಕುಗ್ಗಿಸಬಹುದು, ನೀರನ್ನ ಯಾಕೆ ಆಗಲ್ಲ ಅನ್ನೋದಕ್ಕೆ ಬೇರೆ ವಿವರಣೆನೇ ಬೇಡ. ಅದ್ರ ಜೊತೆಗೆ ಶಾಖದ ಲೆಕ್ಕನೂ ಇಡಿ, ಒಂದು ಗ್ರಾಂ ನೀರನ್ನ 0 ಡಿಗ್ರಿಯಿಂದ 100ಕ್ಕೆ ತರೋಕೆ ಸುಮಾರು 418 ಜೌಲ್ ಸಾಕು, ಆದ್ರೆ 100 ಡಿಗ್ರಿಯಲ್ಲೇ ಇಟ್ಟು ಪೂರ್ತಿ ಆವಿ ಮಾಡೋಕೆ ಸುಮಾರು 2257 ಜೌಲ್ ಬೇಕು, ಐದು ಪಟ್ಟಿಗಿಂತ ಜಾಸ್ತಿ, ಅಷ್ಟೆಲ್ಲ ಕೊಟ್ರೂ ಥರ್ಮಾಮೀಟರ್ ಒಂದು ಗೆರೆನೂ ಮೇಲೆ ಹೋಗಲ್ಲ. ಹೆಚ್ಚಿನ ಪಾಲು ಅಣುಗಳನ್ನ ಒಂದರಿಂದ ಇನ್ನೊಂದನ್ನ ಬಿಡಿಸೋಕೇ ಖರ್ಚಾಯ್ತು. ಗುಪ್ತೋಷ್ಣ ಅಂತ ಹೆಸರು ಹೇಳಿ ನೀವು ಮುಂದಕ್ಕೆ ಹೋಗ್ಬಿಟ್ರಿ, ಅಸಲು ಕಥೆ ಇದ್ದಿದ್ದೇ ಅಲ್ಲಿ.

ಆಮೇಲೆ 'ಬಿಸಿ ಮಾಡಿದಾಗ ಅನಿಲದ ಅಣುಗಳು ಹಿಗ್ಗುತ್ತವೆ' ಅನ್ನೋ ವಾಕ್ಯ. ಈ ಒಂದು ವಾಕ್ಯಕ್ಕೇ ಲೇಖನ ವಾಪಸ್ ಕಳಿಸಬಹುದಿತ್ತು, ನಿಜವಾಗ್ಲೂ. ಅಣು ಹಿಗ್ಗಲ್ಲ, ಅದರ ವೇಗ ಜಾಸ್ತಿ ಆಗುತ್ತೆ. ರೂಮ್ ಟೆಂಪರೇಚರ್‌ನಲ್ಲಿ ಗಾಳಿಯ ನೈಟ್ರೋಜನ್ ಅಣುಗಳು ಸರಾಸರಿ ಸೆಕೆಂಡಿಗೆ ಸುಮಾರು 500 ಮೀಟರ್ ವೇಗದಲ್ಲಿ ಓಡ್ತಿರ್ತವೆ, ಪಾತ್ರೆಯ ಗೋಡೆಗೆ ಬಂದು ಬಂದು ಬಡೀತವೆ, ಆ ಬಡಿತಗಳ ಒಟ್ಟು ಮೊತ್ತನೇ ಒತ್ತಡ. ಇಷ್ಟು ಗೊತ್ತಿದ್ರೆ ಬಾಯ್ಲ್ ನಿಯಮನ ಓದೋರೇ ಊಹಿಸ್ತಾರೆ, ತಾಪಮಾನ ಬದಲಾಗದೆ ಜಾಗ ಅರ್ಧ ಆದ್ರೆ ಗೋಡೆಗೆ ಬಡಿಯೋದು ಎರಡು ಪಟ್ಟು, ಒತ್ತಡ ಎರಡು ಪಟ್ಟು. ನೀವು 'ವಿಲೋಮಾನುಪಾತ' (ಒಂದು ಎಷ್ಟು ಪಟ್ಟು ಹೆಚ್ಚುತ್ತೋ ಇನ್ನೊಂದು ಅಷ್ಟು ಪಟ್ಟು ಕಮ್ಮಿ ಆಗೋದು) ಅನ್ನೋ ಪದನ ಒಂದೇ ಪುಟದಲ್ಲಿ ನಾಲ್ಕು ಸಲ ಬಳಸಿದೀರ, ಬಡಿತ ಅನ್ನೋದು ಒಂದು ಸಲನೂ ಇಲ್ಲ. 1662ರಲ್ಲಿ ರಾಬರ್ಟ್ ಬಾಯ್ಲ್ ಪ್ರಕಟಿಸಿದ ಪ್ರಯೋಗ ಹೇಳ್ಬಹುದಿತ್ತಲ್ವಾ, ಗಿಡ್ಡ ತುದಿ ಮುಚ್ಚಿರೋ ಬಾಗಿದ ಗಾಜಿನ ಕೊಳವೆಗೆ ಉದ್ದ ತುದಿಯಿಂದ ಪಾದರಸ ಸುರೀತಾ ಹೋಗಿದ್ದು, ಎರಡು ಕಡೆಯ ಮಟ್ಟದ ವ್ಯತ್ಯಾಸ ಸುಮಾರು 76 ಸೆಂಟಿಮೀಟರ್ ಆದಾಗ, ಅಂದ್ರೆ ಇನ್ನೊಂದು ವಾತಾವರಣದಷ್ಟು ಒತ್ತಡ ಸೇರಿದಾಗ, ಒಳಗಿನ ಗಾಳಿ ಅರ್ಧಕ್ಕೆ ಇಳಿದಿದ್ದು. ನೀವು ಕೊಟ್ಟಿರೋ ಬಾಯ್ಲ್‌ನ ಜನ್ಮದಿನಾಂಕಕ್ಕಿಂತ ಇದು ಚೆನ್ನಾಗಿ ಓದಿಸುತ್ತೆ.

ಚಾರ್ಲ್ಸ್ ನಿಯಮದ (ಒತ್ತಡ ಅಷ್ಟೇ ಇದ್ರೆ, ಕೆಲ್ವಿನ್ ತಾಪಮಾನ ಎಷ್ಟು ಪಟ್ಟು ಏರುತ್ತೋ ಅನಿಲದ ಗಾತ್ರನೂ ಅಷ್ಟೇ ಪಟ್ಟು) ಉದಾಹರಣೆ ನೇರವಾಗಿ ತಪ್ಪು. 20 ಡಿಗ್ರಿ ಸೆಲ್ಸಿಯಸ್ ಗಾಳಿಯನ್ನ 40 ಡಿಗ್ರಿಗೆ ಕಾಯಿಸಿದ್ರೆ ಗಾತ್ರ ಎರಡು ಪಟ್ಟು ಆಗುತ್ತೆ ಅಂದಿದೀರ. ಕೆಲ್ವಿನ್‌ನಲ್ಲಿ, ಅಂದ್ರೆ ಸೆಲ್ಸಿಯಸ್‌ಗೆ 273 ಸೇರಿಸಿದ್ರೆ, ಅದು 293ರಿಂದ 313, ಒತ್ತಡ ಅಷ್ಟೇ ಇದ್ರೆ ಗಾತ್ರ ಹೆಚ್ಚೋದು ಸುಮಾರು 7 ಪರ್ಸೆಂಟ್. ಎರಡು ಪಟ್ಟು ಆಗ್ಬೇಕಂದ್ರೆ 586 ಕೆಲ್ವಿನ್, ಅಂದ್ರೆ 313 ಡಿಗ್ರಿ ಸೆಲ್ಸಿಯಸ್ ತನಕ ಕಾಯಿಸ್ಬೇಕು. ಸೆಲ್ಸಿಯಸ್‌ನ ಸೊನ್ನೆ ಐಸ್ ಕರಗೋ ಜಾಗ ನೋಡಿ ಇಟ್ಕೊಂಡಿದ್ದು, ಅಣುಗಳ ಓಟಕ್ಕೂ ಅದಕ್ಕೂ ಸಂಬಂಧ ಇಲ್ಲ. ಹಾಗೇ ಚಾರ್ಲ್ಸ್ 1787ರಲ್ಲಿ ಇದನ್ನ ಪ್ರಕಟಿಸಿದ ಅಂತ ಬರ್ದಿದೀರ, ಅವನು ಪ್ರಕಟಿಸಲೇ ಇಲ್ಲ, 1802ರಲ್ಲಿ ಫ್ರೆಂಚ್ ವಿಜ್ಞಾನಿ ಗೇ-ಲುಸಾಕ್ ತನ್ನ ಕೆಲಸ ಪ್ರಕಟಿಸೋವಾಗ ಚಾರ್ಲ್ಸ್ ಹೆಸರು ಹೇಳಿದ.

ಸಣ್ಣವು: ಕುದಿಯೋ ನೀರಿನ ದೊಡ್ಡ ಗುಳ್ಳೆಗಳಲ್ಲಿ ಇರೋದು ಗಾಳಿ ಅಲ್ಲ, ನೀರಾವಿ. ಪಾತ್ರೆ ಮೇಲೆ ಬಿಳಿಯಾಗಿ ಕಾಣೋದು ಆವಿ ಅಲ್ಲ, ಮತ್ತೆ ತಣ್ಣಗಾದ ಸಣ್ಣ ಹನಿಗಳು. ಒಂದು ಮೋಲ್ ಅನಿಲಕ್ಕೆ 22.4 ಲೀಟರ್ ಅನ್ನೋದು 0 ಡಿಗ್ರಿ, 1 ಅಟ್ಮಾಸ್ಫಿಯರ್ ಒತ್ತಡಕ್ಕೆ, ಒತ್ತಡ 1 ಬಾರ್ ತಗೊಂಡ್ರೆ 22.7, ಯಾವುದು ಅಂತ ಹೇಳಿ.

'ಎಲ್ಲಾ ಅನಿಲಗಳೂ ಪಿವಿ = ಎನ್‌ಆರ್‌ಟಿ ಪಾಲಿಸ್ತವೆ' (ಒತ್ತಡ × ಗಾತ್ರ = ಮೋಲ್‌ಗಳ ಸಂಖ್ಯೆ × ಒಂದು ಸ್ಥಿರಾಂಕ × ಕೆಲ್ವಿನ್ ತಾಪಮಾನ) ಅಂತ ನಿಲ್ಲಿಸಬೇಡಿ. ಪಾಲಿಸಿದ್ದಿದ್ರೆ ಯಾವ ಅನಿಲನೂ ದ್ರವ ಆಗ್ತಿರ್ಲಿಲ್ಲ, ಯಾಕಂದ್ರೆ ಆ ಸಮೀಕರಣದಲ್ಲಿ ಅಣುಗಳಿಗೆ ಜಾಗನೂ ಇಲ್ಲ, ಒಂದನ್ನೊಂದು ಎಳೆಯೋ ಬಲನೂ ಇಲ್ಲ. 1873ರಲ್ಲಿ ಡಚ್ ವಿಜ್ಞಾನಿ ವಾನ್ ಡೆರ್ ವಾಲ್ಸ್ ಈ ಎರಡನ್ನೂ ಸೇರಿಸಿದ. ಒತ್ತಡ ಜಾಸ್ತಿ ಮಾಡಿ, ತಣ್ಣಗೆ ಮಾಡಿ, ಅಲ್ಲಿ ಸಮೀಕರಣ ಕೈ ಕೊಡುತ್ತೆ ಅಂತ ಒಂದು ಪ್ಯಾರಾ ಸಾಕು.

ನಾಲ್ಕನೇ ಸ್ಥಿತಿ ಅಂತ ಹೇಳೋ ಪ್ಲಾಸ್ಮಾ ಭಾಗ ಪೂರ್ತಿ ತೆಗೀರಿ, ಅದು ಬೇರೆ ಲೇಖನದ ಸರಕು. 'ಅಣುಗಳಿಗೆ ಸ್ವಾತಂತ್ರ್ಯ ಬೇಕು' ಥರದ ವಾಕ್ಯಗಳೂ ಬೇಡ, ಅವಕ್ಕೆ ಏನೂ ಬೇಕಾಗಿಲ್ಲ. ಇಷ್ಟು ಮಾಡಿ ಕಳ್ಸಿ, ಮತ್ತೆ ಓದ್ತೀನಿ. ಚಿತ್ರ ನೀವೇ ಬರೆದು ಕಳಿಸೋದಾದ್ರೆ ದ್ರವದ ಚಿತ್ರದಲ್ಲಿ ಅಣುಗಳು ಒಂದಕ್ಕೊಂದು ತಾಗೋ ಹಾಗೆ ಇರ್ಲಿ, ಅನಿಲದ ಡಬ್ಬಿಯಲ್ಲಿ ಎರಡು ಮೂರು ಚುಕ್ಕೆಗಿಂತ ಜಾಸ್ತಿ ಹಾಕಬೇಡಿ.