ಬ್ಯಾಲೆ ಶೂ ಮತ್ತು ಒಬ್ಬ ತಾಯಿಯ ಸಂಕೋಚ

ನ್ಯೂಜೆರ್ಸಿಯಿಂದ ಓದುಗರೊಬ್ಬರು ಬರೆದಿದ್ದಾರೆ: "ಮಗಳಿಗೆ 14 ವರ್ಷ. ಬ್ಯಾಲೆ ಬಿಟ್ಟರೆ ಅವಳಿಗೆ ಬೇರೆ ಧ್ಯಾನವಿಲ್ಲ. ಫೀಸು, ಶೂ, ಬೇಸಿಗೆ ಶಿಬಿರ ಅಂತ ನಮ್ಮ ಉಳಿತಾಯ ಕರಗುತ್ತಿದೆ. ಆ ದುಡ್ಡು ಕಾಲೇಜಿಗೆ ಇರಲಿ ಅನ್ನುತ್ತಾರೆ ನಮ್ಮ ಯಜಮಾನರು. ಸ್ಕಾಲರ್‌ಶಿಪ್ ಕೇಳಲು ನನಗೆ ನಾಚಿಕೆ. ನಾವು ತಪ್ಪು ಮಾಡುತ್ತಿದ್ದೇವಾ?"

ನಿಮ್ಮ ಯಜಮಾನರ ಮಾತಿನಲ್ಲಿ ಹುರುಳಿದೆ, ತಾಯಿ. ಬ್ಯಾಲೆ ಕಲಿಯುವವರು ಸಾವಿರ, ಸಂಬಳ ಕೊಡುವ ನೃತ್ಯ ಕಂಪನಿ ಸೇರುವವರು ಕೆಲವರು. ಸೇರಿದರೂ ಅಮೆರಿಕದ ಎಷ್ಟೋ ಕಂಪನಿಗಳು ವರ್ಷದ 52 ವಾರಕ್ಕೂ ಸಂಬಳ ಕೊಡುವುದಿಲ್ಲ. ಇದು ನಿಜ.

ಆದರೆ ನನಗೆ ನೋವು ಮಾಡಿದ್ದು ನಿಮ್ಮ "ನಾಚಿಕೆ". ನಾಚಿಕೆ ಯಾಕೆ? ಪಾಯಿಂಟ್ ಶೂ ಒಂದನ್ನೇ ನೋಡಿ. ತುದಿಬೆರಳಿನ ಮೇಲೆ ಇಡೀ ಮೈಯನ್ನು ಹೊರುವ ಆ ಶೂ ಒಳಗೆ ಇರುವುದು ಬಟ್ಟೆ, ಕಾಗದ, ಅಂಟು. ಬೆವರಿಗೆ ಮೆತ್ತಗಾಗಿಬಿಡುತ್ತದೆ. ಕಂಪನಿಯ ಕಲಾವಿದೆ ಒಂದೇ ಪ್ರದರ್ಶನದಲ್ಲಿ ಒಂದು ಜೊತೆ ಮುಗಿಸುವುದುಂಟು. ಆದರೆ ದೊಡ್ಡ ಕಂಪನಿ ಸೇರಿದ ಮೇಲೆ ಶೂ ಖರ್ಚು ಕಂಪನಿಯದು. ಸೇರುವ ತನಕ ಒಂದೊಂದು ಜೊತೆಗೆ 100 ಡಾಲರ್‌ಗೂ ಜಾಸ್ತಿ ಎಣಿಸಬೇಕಾದವರು ಅಪ್ಪ ಅಮ್ಮ. ದುಡಿಮೆ ಇಲ್ಲದ ವಯಸ್ಸಿನಲ್ಲೇ ಖರ್ಚೆಲ್ಲ. ಇದು ಯಾವ ನ್ಯಾಯ?

ದೊಡ್ಡ ಹೆಸರುಗಳ ಹಿಂದೆ ಯಾರ ದುಡ್ಡಿತ್ತು ಅಂತ ಹುಡುಕಿ. ರಷ್ಯಾದ ಹೆಸರಾಂತ ಬ್ಯಾಲೆ ನರ್ತಕಿ ಆನ್ನಾ ಪಾವ್ಲೋವಾ ಅವರ ತಾಯಿ ಬಟ್ಟೆ ಒಗೆಯುತ್ತಿದ್ದರು. 1891ರಲ್ಲಿ ಹುಡುಗಿ ಸೇಂಟ್ ಪೀಟರ್ಸ್‌ಬರ್ಗ್‌ನ ಬ್ಯಾಲೆ ಶಾಲೆ ಸೇರಿದಾಗ ಖರ್ಚು ಹೊತ್ತದ್ದು ಚಕ್ರವರ್ತಿಯ ಖಜಾನೆ. ಫ್ರಾನ್ಸಿನ ರಾಜ 14ನೇ ಲೂಯಿ 1713ರಲ್ಲಿ ಶುರುಮಾಡಿದ ಪ್ಯಾರಿಸ್ ಒಪೇರಾ ಬ್ಯಾಲೆ ಶಾಲೆಯಲ್ಲಿ ಇವತ್ತಿಗೂ ಪಾಠಕ್ಕೆ ಫೀಸಿಲ್ಲ. ನಿಮ್ಮ ಅಮೆರಿಕದ್ದೇ ಮಿಸ್ಟಿ ಕೋಪ್‌ಲ್ಯಾಂಡ್ ಬ್ಯಾಲೆ ಶುರುಮಾಡಿದ್ದು 13ಕ್ಕೆ, ಮಕ್ಕಳ ಕ್ಲಬ್ಬಿನ ಉಚಿತ ಕ್ಲಾಸಿನಲ್ಲಿ. ಮನೆಯವರು ಮೋಟೆಲಿನಲ್ಲಿದ್ದರು. ಟೀಚರ್ ತಮ್ಮ ಮನೆಯಲ್ಲೇ ಇಟ್ಟುಕೊಂಡು ಕಲಿಸಿದರು. 2015ರಲ್ಲಿ ಮಿಸ್ಟಿ ಅಮೆರಿಕನ್ ಬ್ಯಾಲೆ ಥಿಯೇಟರ್‌ ಕಂಪನಿಯ ಪ್ರಧಾನ ನರ್ತಕಿಯಾದರು. ಆ ಕಂಪನಿಯಲ್ಲಿ ಆ ಜಾಗಕ್ಕೇರಿದ ಮೊದಲ ಕಪ್ಪು ಮಹಿಳೆ.

ನಮ್ಮ ಭರತನಾಟ್ಯ ಕಲಾವಿದೆ ವೆಂಕಟಲಕ್ಷಮ್ಮನವರು ಕಡೂರು ಕಡೆಯ ತಾಂಡಾದ ಲಂಬಾಣಿ ಹುಡುಗಿ. ಜಟ್ಟಿ ತಾಯಮ್ಮನವರು ಕಲಿಸಿದರು, ಮೈಸೂರು ಅರಮನೆ 1939ರಲ್ಲಿ ಆಸ್ಥಾನ ವಿದುಷಿ ಮಾಡಿತು. 1992ರಲ್ಲಿ ಪದ್ಮಭೂಷಣ ಬಂತು. ಆ ಬಡ ಮನೆಯೇ ಪೂರ್ತಿ ಖರ್ಚು ಹೊರಬೇಕಿದ್ದರೆ ನಮಗೆ ಅವರು ಸಿಗುತ್ತಿದ್ದರಾ?

ಅರಮನೆ ಹೋಯಿತು, ಆ ಜಾಗಕ್ಕೆ ಯಾರೂ ಬರಲಿಲ್ಲ. ನಮ್ಮ ಹಿಂದಿನ ಬೀದಿಯ ಹುಡುಗಿ ಹತ್ತು ವರ್ಷ ಭರತನಾಟ್ಯ ಕಲಿತಳು. ಅಪ್ಪ ಆಟೋ ಓಡಿಸುತ್ತಾರೆ. ರಂಗಪ್ರವೇಶಕ್ಕೆ ಹಾಲ್ ಬಾಡಿಗೆ, ಪಕ್ಕವಾದ್ಯ, ಸೀರೆ, ಒಡವೆ, ಬಂದವರಿಗೆ ಊಟ ಅಂತ ಪಟ್ಟಿ ಬಂತು. ಅಪ್ಪನಿಗೆ ತೋರಿಸದೆ ಅವಳೇ ಗೆಜ್ಜೆ ಕಟ್ಟಿಟ್ಟಳು. ಈಗ ಮೊಬೈಲ್ ಅಂಗಡಿಯಲ್ಲಿದ್ದಾಳೆ. ಗಿರಾಕಿ ಇಲ್ಲದಾಗ ಕೌಂಟರ್ ಮೇಲೆ ಅವಳ ಬೆರಳು ತಾಳ ಹಾಕುತ್ತಿರುತ್ತದೆ. ನಾನೇ ನೋಡಿದ್ದೇನೆ. ಮದುವೆಗೆ ಸಾಲ ಮಾಡಿದರೆ ನಮ್ಮ ಜನ ಬಂದು ಉಂಡು ಹರಸುತ್ತಾರೆ. ಮಗಳ ಕಲೆಗೆ ಸಾಲ ಮಾಡಿದರೆ ಹುಚ್ಚು ಅನ್ನುತ್ತಾರೆ.

ಅದಕ್ಕೇ ಸ್ವಲ್ಪ ಗದರಿ ಹೇಳುತ್ತೇನೆ. ಮಗಳ ಕಾಲೇಜಿಗಾದರೆ ಸ್ಕಾಲರ್‌ಶಿಪ್ ಕೇಳಲು ನಾಚುತ್ತಿದ್ದಿರಾ? ಇಲ್ಲ ಅಲ್ವಾ? ಸೋಮವಾರವೇ ಡ್ಯಾನ್ಸ್ ಶಾಲೆಯ ಆಫೀಸಿಗೆ ಹೋಗಿ. ಫೀಸಿಗೆ ಬೇರೆ, ಬೇಸಿಗೆ ಶಿಬಿರಕ್ಕೆ ಬೇರೆ ಅರ್ಜಿ ಇರುತ್ತದಾ ಕೇಳಿ. ಶೂಗೆ ಏನಾದರೂ ನೆರವಿದೆಯಾ, ಅದನ್ನೂ ಕೇಳಿ. ಯಜಮಾನರನ್ನೂ ಕರೆದುಕೊಂಡು ಹೋಗಿ.