ಎರಡನೇ ಓದು ಬಿಡಿ, ಪುಸ್ತಕ ಮುಚ್ಚಿ ಬರೆಯಿರಿ

ಪತ್ರ: ಬಿ.ಎ. ಮೊದಲ ಸೆಮಿಸ್ಟರ್‌ನಲ್ಲಿದ್ದೇನೆ. ಪಿಯುಸಿವರೆಗೆ ಕನ್ನಡ ಮಾಧ್ಯಮ. ಈಗ ಅರ್ಥಶಾಸ್ತ್ರದ ಪುಸ್ತಕ ಇಂಗ್ಲಿಷಿನಲ್ಲಿದೆ. 40 ಪುಟದ ಅಧ್ಯಾಯಕ್ಕೆ ಮೂರು ಸಂಜೆ ಬೇಕು. ಗೆರೆ ಎಳೆದು ಎರಡೆರಡು ಸಲ ಓದಿದರೂ ವಾರದಲ್ಲಿ ಮರೆತುಹೋಗುತ್ತದೆ. ಪರೀಕ್ಷೆಗೆ ಆರು ಪತ್ರಿಕೆಗಳಿವೆ, ಉಳಿದಿರುವುದು ಐದೇ ವಾರ. ದಿನಕ್ಕೆ ಎರಡೂವರೆ ಗಂಟೆ ಸಿಗುತ್ತದೆ. ಏನು ಮಾಡಲಿ?
– ವಿದ್ಯಾರ್ಥಿನಿ, ಹಾವೇರಿ

ಉತ್ತರ: ಮೊದಲು ಆ ಎರಡನೇ ಓದನ್ನು ಬಿಡಿ. ಮತ್ತೆ ಓದುವಾಗ ಸಾಲುಗಳು ಪರಿಚಿತ ಅನ್ನಿಸುತ್ತವೆ, ಬಂತು ಎಂದುಕೊಳ್ಳುತ್ತೇವೆ. ಅಮೆರಿಕದ ಮನಶ್ಶಾಸ್ತ್ರಜ್ಞರಾದ ರೋಡಿಗರ್ ಮತ್ತು ಕಾರ್ಪಿಕೆ 2006ರಲ್ಲಿ ಇದನ್ನೇ ಪರೀಕ್ಷಿಸಿದರು. ಐದು ನಿಮಿಷದ ನಂತರ ಕೇಳಿದಾಗ ಮರು ಓದಿದವರೇ ಮುಂದಿದ್ದರು. ಒಂದು ವಾರ ಕಳೆದು ಕೇಳಿದಾಗ ಅವರಿಗೆ ನೆನಪಿದ್ದದ್ದು ಶೇ. 42, ಒಂದೇ ಸಲ ಓದಿ, ನೋಡದೆ ಬರೆದವರಿಗೆ ಶೇ. 56. ನಿಮ್ಮ ಪರೀಕ್ಷೆಗೆ ಬೇಕಾದದ್ದು ಈ ಎರಡನೆಯ ಬಗೆಯ ನೆನಪು.

ಆದ್ದರಿಂದ 40 ಪುಟವನ್ನು ಒಂದೇ ಏಟಿಗೆ ಹಿಡಿಯಬೇಡಿ. ಮೊದಲ ಹತ್ತು ನಿಮಿಷ ಶೀರ್ಷಿಕೆ, ಚಿತ್ರ, ಕೊನೆಯ ಪ್ರಶ್ನೆಗಳನ್ನಷ್ಟೇ ನೋಡಿ. ಸಿಲಬಸ್‌ನಲ್ಲಿ ಇಲ್ಲದ ಭಾಗವನ್ನು ಪೆನ್ಸಿಲ್‌ನಲ್ಲಿ ಹೊಡೆದುಹಾಕಿ. ಆಮೇಲೆ ಆರೇಳು ಪುಟ ಓದಿ, ಪುಸ್ತಕ ಮುಚ್ಚಿ, ಖಾಲಿ ಹಾಳೆಯಲ್ಲಿ ನೆನಪಿದ್ದಷ್ಟನ್ನು ಕನ್ನಡದಲ್ಲೇ ಬರೆಯಿರಿ. ಪುಸ್ತಕ ತೆರೆದು, ಬಿಟ್ಟುಹೋದದ್ದನ್ನು ಕೆಂಪು ಶಾಯಿಯಲ್ಲಿ ಸೇರಿಸಿ. ಮರುದಿನ, ನಾಲ್ಕನೆಯ ದಿನ, ಹತ್ತನೆಯ ದಿನ ಇದೇ ಕೆಲಸ. ಆಗ ಕೆಂಪು ಭಾಗವಷ್ಟೇ ಸಾಕು, ಹತ್ತು ನಿಮಿಷದಲ್ಲಿ ಮುಗಿಯುತ್ತದೆ.

ಬೇಡಿಕೆಯ ಸ್ಥಿತಿಸ್ಥಾಪಕತ್ವವನ್ನೇ (ಬೆಲೆ ಬದಲಾದಾಗ ಬೇಡಿಕೆ ಎಷ್ಟು ಬದಲಾಗುತ್ತದೆ ಎಂಬ ಅಳತೆ) ತೆಗೆದುಕೊಳ್ಳಿ. ಹಾಳೆಯ ಮೇಲೆ ವ್ಯಾಖ್ಯೆ, ಸೂತ್ರ, ಒಂದು ಲೆಕ್ಕ, ಒಂದು ಚಿತ್ರ ಇರಬೇಕು. ಬೆಲೆ 10 ರೂಪಾಯಿಯಿಂದ 12ಕ್ಕೆ ಏರಿ (ಶೇ. 20), ಬೇಡಿಕೆ 100 ಕೆ.ಜಿ.ಯಿಂದ 90ಕ್ಕೆ ಇಳಿದರೆ (ಶೇ. 10) ಹತ್ತನ್ನು ಇಪ್ಪತ್ತರಿಂದ ಭಾಗಿಸಿ ಉತ್ತರ 0.5, ಒಂದಕ್ಕಿಂತ ಕಡಿಮೆ ಆದ್ದರಿಂದ ಅದು ಅಸ್ಥಿತಿಸ್ಥಾಪಕ ಬೇಡಿಕೆ, ಅಂದರೆ ಬೆಲೆ ಬದಲಾದಷ್ಟು ಬದಲಾಗದ ಬೇಡಿಕೆ. ಚಿತ್ರದಲ್ಲಿ ಬೆಲೆ ಲಂಬ ಅಕ್ಷದಲ್ಲಿ, ಪ್ರಮಾಣ ಅಡ್ಡ ಅಕ್ಷದಲ್ಲಿ. ಅಕ್ಷಗಳ ಹೆಸರು ಬರೆಯದೆ ಅಂಕ ಕಳೆದುಕೊಳ್ಳುವವರು ಬಹಳ ಮಂದಿ. ಇಂಗ್ಲಿಷ್ ಪುಸ್ತಕ ತಲೆಗೆ ಹತ್ತದಿದ್ದರೆ ದ್ವಿತೀಯ ಪಿಯುಸಿಯ ಕನ್ನಡ ಪಠ್ಯದಲ್ಲಿ ಇದೇ ಪಾಠ ಓದಿಕೊಂಡು ಬನ್ನಿ. ಆ ಪುಸ್ತಕವನ್ನು ಯಾರಿಗೂ ಕೊಟ್ಟುಬಿಡಬೇಡಿ.

ಇನ್ನು ಸಮಯ. 35 ದಿನಕ್ಕೆ ಸುಮಾರು 87 ಗಂಟೆ, ಅಂದರೆ ಪತ್ರಿಕೆಗೆ ಹದಿನಾಲ್ಕು. ಸಮನಾಗಿ ಹಂಚಬೇಡಿ: ಭಾಷಾ ಪತ್ರಿಕೆಗಳಿಂದ ಮೂರು ಮೂರು ಗಂಟೆ ತೆಗೆದು ಅರ್ಥಶಾಸ್ತ್ರಕ್ಕೆ ಕೊಡಿ. ಒಂದೇ ದಿನ ಎರಡು ವಿಷಯ ಇರಲಿ. ಗ್ರಂಥಾಲಯದಲ್ಲಿ ಹಳೆಯ ಪ್ರಶ್ನೆಪತ್ರಿಕೆ ಕೇಳಿ ಪಡೆಯಿರಿ. ಸಿಲಬಸ್ ಬದಲಾಗಿದ್ದರೆ ಈಗಿನ ಘಟಕಗಳಿಗೆ ಸೇರುವ ಪ್ರಶ್ನೆಗಳನ್ನಷ್ಟೇ ಆರಿಸಿ. ಕೊನೆಯ ವಾರ ಗಡಿಯಾರ ಇಟ್ಟುಕೊಂಡು ಒಂದಾದರೂ ಪೂರ್ತಿ ಪತ್ರಿಕೆ ಬರೆಯಿರಿ. ಮೂರು ಗಂಟೆಯಲ್ಲಿ 80 ಅಂಕ ಎಂದರೆ 10 ಅಂಕದ ಪ್ರಶ್ನೆಗೆ ಸುಮಾರು 22 ನಿಮಿಷ. ಗೊತ್ತಿರುವ ಮೊದಲ ಪ್ರಶ್ನೆಗೆ ಆರು ಪುಟ ತುಂಬಿಸಿದವರಿಗೆ ಕೊನೆಯ ಪ್ರಶ್ನೆ ಮುಟ್ಟಲೂ ಆಗುವುದಿಲ್ಲ. ಗಡಿಯಾರ ಇಟ್ಟುಕೊಂಡು ಬರೆದ ಒಂದು ಉತ್ತರವನ್ನು ನಿಮ್ಮ ಉಪನ್ಯಾಸಕರಿಗೆ ತೋರಿಸಿ, ಎಲ್ಲಿ ಅಂಕ ಹೋಗುತ್ತದೆ ಎಂದು ಕೇಳಿ. ಪರೀಕ್ಷೆಗೆ ಮುಂಚೆ ಕೇಳಿದರೆ ತಿದ್ದಿಕೊಳ್ಳಲು ಸಮಯವಿರುತ್ತದೆ.