ಕರಿ ಎಮ್ಮೆಯ ಪಾಲು

ಆಷಾಢದ ಕೊನೆಯ ವಾರ ಆಪ್ತಸಮಾಲೋಚನೆಗೆ ನನ್ನ ಹತ್ತಿರ ಬಂದವರನ್ನು ಇಲ್ಲಿ ಸುಧಾ ಅಂತ ಕರೆಯುತ್ತೇನೆ. ಅವರ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. ಹೆಸರು, ಗುರುತು ಸಿಗುವ ವಿವರ ಬದಲಿಸಿದ್ದೇನೆ. ವಯಸ್ಸು 38. ದಾವಣಗೆರೆಯ ನಿಟುವಳ್ಳಿಯಲ್ಲಿ ಮನೆ, ತವರು ಹೊಳಲ್ಕೆರೆ ಕಡೆಯ ಹಳ್ಳಿ. ಅಪ್ಪ-ಅವ್ವನಿಗೆ ಒಬ್ಬಳೇ ಮಗಳು, ಬೆನ್ನಿಗೆ ಬಿದ್ದವರು ಯಾರೂ ಇಲ್ಲ.

ರಾತ್ರಿ ಮೂರಕ್ಕೆ ಎಚ್ಚರವಾದರೆ ಮತ್ತೆ ನಿದ್ದೆ ಇಲ್ಲ. ಎಂಟು ವರ್ಷದ ಮಗನ ಮೇಲೆ ಸುಮ್ಸುಮ್ನೆ ರೇಗಾಟ. ಶೇಂಗಾ ಹುರಿಯುತ್ತಾ ಅಳು. "ಉಂಡಿ ಕಟ್ಟೋಕೆ ಕೂತರೆ ಕೈ ಏಳೋದೇ ಇಲ್ಲ ಮೇಡಂ."

ನಮ್ಮ ಕಡೆ ಪಂಚಮಿ ಅಂದ್ರೆ ಮದುವೆಯಾದ ಹೆಣ್ಣುಮಕ್ಕಳನ್ನು ಕರೆದೊಯ್ಯಲು ಅಣ್ಣನೋ ತಮ್ಮನೋ ಬರುವ ಹಬ್ಬ. ಜೋಕಾಲಿ, ತಂಬಿಟ್ಟು, ಎಳ್ಳುಂಡಿ ಎಲ್ಲ ಆಮೇಲೆ. ಹತ್ತು ದಿನ ಬಿಟ್ಟು ಹುಣ್ಣಿಮೆಗೆ ರಾಖಿ ಬೇರೆ. ಸುಧಾ ಅವರನ್ನು ಕರೆಯಲು ಹದಿನಾಲ್ಕು ವರ್ಷದಿಂದ ಬರುತ್ತಿರುವುದು ಅವರ ಅಪ್ಪ. ಈಗ 71. ಹೆಗಲಿಗೆ ಚೀಲ ಹಾಕಿಕೊಂಡು, ಬಸ್ ಇಳಿದು, ಆಟೊ ಹತ್ತದೆ ನಡೆದೇ ಬರುತ್ತಾರೆ. ಹೋದ ವರ್ಷ ಬಾಗಿಲಲ್ಲಿ ಚಪ್ಪಲಿ ಬಿಡುವಾಗ ಗೋಡೆ ಹಿಡಿದುಕೊಂಡರು. ಅದನ್ನು ನೋಡಿ ಅತ್ತೆ, "ಪಾಪ, ಒಬ್ಬ ಮಗ ಇದ್ದಿದ್ರೆ ನಿಮಗೆ ಈ ಓಡಾಟ ತಪ್ತಿತ್ತು" ಅಂದರು. ಕನಿಕರದಿಂದಲೇ ಅಂದದ್ದು. ಅದಕ್ಕೇ ಜಾಸ್ತಿ ನಾಟಿತು.

ಊಟ, ಕೆಲಸ, ಸಾಯುವ ಯೋಚನೆ, ಎಲ್ಲ ಕೇಳಿದೆ. ಖಿನ್ನತೆ ಅನ್ನುವಷ್ಟು ಕಾಣಲಿಲ್ಲ. ಎರಡು ವಾರದಲ್ಲಿ ನಿದ್ದೆ ಸರಿಹೋಗದಿದ್ದರೆ ಮನೋವೈದ್ಯರನ್ನು ನೋಡಿ ಅಂದೆ. ನಡುರಾತ್ರಿ ತಡೆಯಲು ಆಗದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್ 14416ಕ್ಕೆ ಫೋನ್ ಮಾಡಿ, ಕನ್ನಡದಲ್ಲೇ ಮಾತಾಡಬಹುದು ಅಂತ ಬರೆದುಕೊಟ್ಟೆ.

ಆಮೇಲೆ ಒಂದು ಪೆದ್ದು ಸಲಹೆಯನ್ನೂ ಕೊಟ್ಟೆ. "ಸೋದರಮಾವನ ಮಗ ಇದ್ದಾರಲ್ಲ, ಅವರನ್ನೇ ಅಣ್ಣ ಅಂದುಕೊಂಡು ಕರೆಯೋಕೆ ಬರಹೇಳಬಹುದಲ್ವಾ?"

ಸುಧಾ ನನ್ನನ್ನೇ ನೋಡಿದರು. "ಮೇಡಂ, ಅವನಿಗೇ ನನ್ನ ಕೊಡಬೇಕು ಅಂತ ಮಾತಾಗಿತ್ತು!"

ಇಬ್ಬರೂ ಜೋರಾಗಿ ನಕ್ಕೆವು. ಚಿಕ್ಕಪ್ಪ, ದೊಡ್ಡಪ್ಪ, ಚಿಕ್ಕಮ್ಮ, ದೊಡ್ಡಮ್ಮನ ಮಕ್ಕಳಾದರೆ ಅಣ್ಣ-ತಂಗಿ. ಮಾವನ ಮಗ, ಅತ್ತೆ ಮಗ ಆದರೆ ವರಸೆಯೇ ಬೇರೆ. ಸುಧಾಗೆ ಇರುವವರೆಲ್ಲ ಆ ಬೇರೆ ವರಸೆಯವರೇ. ಗೊತ್ತಿದ್ದೂ ಎಡವಿದೆ. ಖಾಲಿ ಜಾಗ ಕಂಡ ಕೂಡಲೇ ಯಾರನ್ನಾದರೂ ತಂದು ಕೂರಿಸುವ ಚಟ ನನಗಿನ್ನೂ ಹೋಗಿಲ್ಲ.

ನಕ್ಕ ಮೇಲೆ ಮಾತು ಸಲೀಸಾಯಿತು. ಚಿಕ್ಕವರಿದ್ದಾಗಿನ ಹಬ್ಬದ ಕಥೆ ಹೇಳಿದರು. ಹುತ್ತಕ್ಕೆ ಹಾಲೆರೆಯುವಾಗ 'ಅಪ್ಪನ ಪಾಲು, ಅವ್ವನ ಪಾಲು' ಅಂತ ಒಬ್ಬೊಬ್ಬರ ಹೆಸರಲ್ಲಿ ಎರೆಯಬೇಕು. ಓಣಿಯ ಹುಡುಗಿಯರದು ಅಣ್ಣ, ತಮ್ಮ, ಅಕ್ಕ ಅಂತ ಸಾಗುತ್ತಲೇ ಇರುತ್ತಿತ್ತು. ಇವರದು ಅಜ್ಜಿಗೇ ಮುಗಿಯುತ್ತಿತ್ತು, ಬಟ್ಟಲಲ್ಲಿ ಇನ್ನೂ ಅರ್ಧ ಹಾಲು. ಒಂದು ವರ್ಷ ಎಲ್ಲರೂ ತನ್ನನ್ನೇ ನೋಡುತ್ತಿದ್ದಾರೆ ಅನಿಸಿ, "ನಮ್ಮ ಕರಿ ಎಮ್ಮೆ ಪಾಲು" ಅಂತ ಉಳಿದದ್ದನ್ನು ಸುರಿದುಬಿಟ್ಟರಂತೆ. ಹೇಳುವಾಗ ಬಲಗೈ ತಾನಾಗಿಯೇ ಬಟ್ಟಲು ಬಗ್ಗಿಸುವ ಹಾಗೆ ತಿರುಗಿತು.

ಎರಡನೇ ಸಲ ಬಂದಾಗ ಒಂದು ಹಾಳೆ ಕೊಟ್ಟು ಕೇಳಿದೆ. "ಅಣ್ಣ ಅಂತ ಒಬ್ಬ ಇದ್ದಿದ್ರೆ ಅವನಿಂದ ಏನೇನು ಮಾಡಿಸ್ತಿದ್ರಿ? ಬರೀರಿ."

ಹನ್ನೊಂದು ಸಾಲು ಬರೆದರು. ಅಪ್ಪನ ಹರ್ನಿಯಾ ಆಪರೇಷನ್‌ಗೆ ಡಾಕ್ಟರ ಹತ್ತಿರ ಮಾತಾಡೋದು. ಆ ರಾತ್ರಿ ಆಸ್ಪತ್ರೆಯಲ್ಲಿ ಮಲಗೋದು. ಬೋರ್‌ವೆಲ್ ಮೋಟಾರ್. ಅಡಿಕೆ ಚೇಣಿಯವನ, ಅಂದ್ರೆ ಫಸಲು ಗುತ್ತಿಗೆ ಹಿಡಿದವನ ಲೆಕ್ಕ. ಅವ್ವನ ಬಿಪಿ ಮಾತ್ರೆ. ಹೀಗೇ. ಸೀರೆ, ಉಡುಗೊರೆ, ಜೋಕಾಲಿ ಒಂದೂ ಇರಲಿಲ್ಲ. ಹಾಳೆ ಓದಿ ಅವರೇ ಅಂದರು, "ಇದರಲ್ಲಿ ಹಬ್ಬ ಎಲ್ಲಿದೆ ಮೇಡಂ? ಬರೀ ಭಯ."

ನನ್ನ ಸಲಹೆ ಇಷ್ಟು. ಹಾಳೆಯನ್ನು ಗಂಡನ ಮುಂದಿಡಿ, ಒಬ್ಬರೇ ನುಂಗಬೇಡಿ. ಪ್ರತಿ ಸಾಲಿನ ಮುಂದೆ ಒಂದು ಹೆಸರು, ಒಂದು ಫೋನ್ ನಂಬರ್ ಬರಲಿ. ಅಪ್ಪನನ್ನೂ ಕೇಳಿ. ಹಿರಿಯರ ಸಹಾಯವಾಣಿ 14567 ಇದೆ, ಅದನ್ನೂ ಬರೆದಿಟ್ಟುಕೊಳ್ಳಿ. ಅತ್ತೆ ಜೊತೆ ವಾದ ಬೇಡ, "ಅತ್ತೆ, ಮಗ ಇದ್ದಿದ್ರೆ ಅನ್ನೋ ಮಾತು ಅಪ್ಪನ ಮುಂದೆ ಬೇಡ" ಅಂದರೆ ಸಾಕು.

'ಈ ವರ್ಷ ನೀವು ಬರಬೇಡಿ' ಅಂತ ಅಪ್ಪನಿಗೆ ಹೇಳಿಬಿಡಲು ಸುಧಾ ತಯಾರಾಗಿದ್ದರು. ಹೇಳೋದಕ್ಕಿಂತ ಮೊದಲು ಕೇಳಿ ಅಂದೆ. ಅಪ್ಪ ಫೋನಿನಲ್ಲಿ ಅಂದರಂತೆ: "ನಿನ್ನ ಕರಿಯೋಕೆ ಬರೋದೇ ನನಗೆ ಹಬ್ಬ ಕಣವ್ವ. ಅದನ್ನೂ ಕಿತ್ಕೋಬೇಡ." ಕೊನೆಗೆ ಬರುವುದು ಬಸ್ಸಲ್ಲಿ, ಹೋಗುವುದು ಅಳಿಯನ ಕಾರಲ್ಲಿ ಅಂತಾಯಿತು. ಹಾಳೆಯ ಮೂರು ಸಾಲನ್ನು ಅಪ್ಪನೇ ಹೊಡೆದುಹಾಕಿದರು. ಚೇಣಿಯವನು ತನಗೆ ಹೆದರುತ್ತಾನಂತೆ, ಬೇರೆ ಯಾರೂ ಬೇಡವಂತೆ.

ಅವತ್ತು ಹೊರಡುವಾಗ ಸುಧಾ ಕೇಳಿದರು: "ನನ್ನ ಮಗನೂ ಒಬ್ಬನೇ. ಇನ್ನೊಂದು ಮಾಡ್ಕೋಬೇಕಿತ್ತಾ?" 1986ರಲ್ಲಿ ಟೋನಿ ಫಾಲ್ಬೊ ಮತ್ತು ಡೆನಿಸ್ ಪೋಲಿಟ್ 115 ಅಧ್ಯಯನಗಳನ್ನು ಒಟ್ಟಿಗಿಟ್ಟು ನೋಡಿದಾಗ, ಒಬ್ಬರೇ ಬೆಳೆದ ಮಕ್ಕಳು ಗುಣದಲ್ಲಾಗಲಿ ಬೆರೆಯುವುದರಲ್ಲಾಗಲಿ ಹಿಂದೆ ಬಿದ್ದಿರಲಿಲ್ಲ. ಅದನ್ನು ಹೇಳಿದೆ. ವಯಸ್ಸಾದ ಅಪ್ಪನನ್ನು ಯಾರು ನೋಡ್ಕೋತಾರೆ ಅನ್ನೋದಕ್ಕೆ ಆ ಲೆಕ್ಕದಲ್ಲಿ ಉತ್ತರ ಇಲ್ಲ, ಅದನ್ನೂ ಹೇಳಿದೆ. ನಾಲ್ಕು ಜನ ಅಣ್ಣತಮ್ಮಂದಿರಿದ್ದು ವಕೀಲರ ಮೂಲಕವೇ ಮಾತಾಡುವವರೂ ಇದೇ ಕುರ್ಚಿಯಲ್ಲಿ ಕೂರುತ್ತಾರೆ. ಅದನ್ನು ಮಾತ್ರ ಹೇಳಲಿಲ್ಲ.

ಹಬ್ಬ ಮುಗಿಸಿ ಬಂದರು. ಈಗ ಐದರವರೆಗೆ ನಿದ್ದೆ ಬರುತ್ತಿದೆ. ಹಾಲೆರೆಯುವಾಗ ಮಗನಿಗೆ ಎಮ್ಮೆ ಕಥೆ ಹೇಳಿದ್ದೇ ತಡ, ಅವನು ಕ್ಲಾಸಿನ ಹುಡುಗರನ್ನೆಲ್ಲ ಸಾಲಾಗಿ ಹೆಸರಿಸಿ, ಕೊನೆಗೆ ತಾತನ ಬೋರ್‌ವೆಲ್ ಮೋಟಾರಿಗೂ ಒಂದು ಪಾಲು ಎರೆದನಂತೆ.

ಹಾಳೆಯಲ್ಲಿ ಎರಡು ಸಾಲಿನ ಮುಂದೆ ಇನ್ನೂ ಹೆಸರಿಲ್ಲ. ಒಂದು, ಅವ್ವ ಒಬ್ಬರೇ ಉಳಿದರೆ ಎಲ್ಲಿರೋದು. ಇನ್ನೊಂದನ್ನು ಅವರು ಓದಲಿಲ್ಲ, ನಾನೂ ಕೇಳಲಿಲ್ಲ. ಆಪರೇಷನ್ ದಸರಾ ಆದ ಮೇಲೆ. ಆಸ್ಪತ್ರೆಯಲ್ಲಿ ಮಲಗುವ ಸಾಲಿನ ಮುಂದೆ ಗಂಡನ ಹೆಸರಿದೆ, ಅವರದೇ ಅಕ್ಷರದಲ್ಲಿ.